ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿಯಲು

ಹಾಸನದಲ್ಲಿ ನಾನು ಇರುವುದು ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಮೇಷ್ಟರಾಗಿದ್ದ ಅವರ ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮಕ್ಕಳಿಲ್ಲ. ನಾನು ಎಂ.ಎಸ್ಸಿ. ಮುಗಿಸಿದ ಮೇಲೆ ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಆಗ ಚನ್ನರಾಯಪಟ್ಟಣದಲ್ಲಿ ಅಪ್ಪ ಮತ್ತು ಅಣ್ಣ ಕೂತು ಒಂದು ತೀರ್ಮಾನಕ್ಕೆ ಬಂದರು: ಹುಡುಗಿಗೆ ಭದ್ರವಾದ ಮನೆ ಆಯಿತು, ದೊಡ್ಡಮ್ಮನಿಗೆ ಜೊತೆ ಆಯಿತು. ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ. ಕೇಳಿದ್ದರೂ ಇಬ್ಬರೂ ಆಗಲಿ ಎಂದೇ ಹೇಳುತ್ತಿದ್ದೆವು.

ಜೊತೆ ಎನ್ನುವುದಕ್ಕಿಂತ ಒಂದೇ ಬೀಗದ ಎರಡು ಕೀಲಿ ಇಟ್ಟುಕೊಂಡವರ ಹಾಗೆ ಇದ್ದೆವು. ನನಗೆ ಓದಲು ತೊಂದರೆಯಾದೀತೆಂದು ದೊಡ್ಡಮ್ಮ ಟಿ.ವಿ.ಯ ಸದ್ದನ್ನು ತೀರಾ ತಗ್ಗಿಸಿ ನೋಡುತ್ತಿದ್ದರು. ನನಗೆ ತೊಂದರೆಯಿರಲಿಲ್ಲ. ಆ ಸದ್ದು ಬೇಕೂ ಇತ್ತು. ಆದರೆ ಹೇಳಲಿಲ್ಲ. ನಾನು ಕಾಲೇಜಿನಿಂದ ಬಂದು ಕಾಫಿ ಮಾಡಿ ಅವರ ಕೈಗೆ ಕೊಡುತ್ತಿದ್ದೆ. ತಟ್ಟೆ, ಲೋಟ, ಕನ್ನಡಕ, ಶಾಲು, ಎಲ್ಲವನ್ನೂ ಅವರು ಕೂತ ಕಡೆಗೇ ತಂದುಕೊಡುತ್ತಿದ್ದೆ. ನಮ್ಮ ಮನೆಗಳಲ್ಲಿ ಹಾಗೇ ಕಲಿಸಿರುತ್ತಾರೆ. ಹಿರಿಯರು ಎದ್ದರೆ ಕಿರಿಯರಿಗೆ ಅವಮಾನ.

ಅಮ್ಮ ಹೋದ ಮೇಲೆ ಅಕ್ಕತಂಗಿಯರಲ್ಲಿ ಉಳಿದವರು ಇಬ್ಬರೇ, ದೊಡ್ಡಮ್ಮ ಮತ್ತು ಚಿಕ್ಕಮ್ಮ. ಚಿಕ್ಕಮ್ಮನದು ರಾಮನಾಥಪುರದ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ದೊಡ್ಡಮ್ಮ ಫೋನ್ ಮಾಡುತ್ತಿದ್ದರು. ಆ ಕಡೆ ಸ್ಪೀಕರ್ ಹಾಕಿರುತ್ತಿದ್ದರು, ಹಾಗಾಗಿ ಸೊಸೆ, ಮೊಮ್ಮಕ್ಕಳು, ನಾಯಿ ಎಲ್ಲರೂ ಮಾತಿನೊಳಗೆ ಬರುತ್ತಿದ್ದರು. ಕೊನೆಗೆ ಚಿಕ್ಕಮ್ಮ ಬಾ ಅನ್ನುತ್ತಿದ್ದರು, ದೊಡ್ಡಮ್ಮ ಪುರುಸೊತ್ತಾಗಲಿ ಅನ್ನುತ್ತಿದ್ದರು. ನೀನೇ ಬಾ ಎಂದು ಇವರು ಅಂದರೆ, ಅವರಿಗೆ ಹೊಗೆಸೊಪ್ಪಿನ ಕೆಲಸ. ಹೀಗೇ ಎರಡು ವರ್ಷವಾಗಿತ್ತು. ದೊಡ್ಡಮ್ಮನಿಗೆ ಪುರುಸೊತ್ತಿಲ್ಲದಂಥ ಕೆಲಸ ಯಾವುದೆಂದು ನನಗೆ ಹೊಳೆಯುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅವರು ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದರು.

ಕಾರಣ ಗೊತ್ತಾದದ್ದು ಹೊಳೆನರಸೀಪುರದ ಒಂದು ಮದುವೆಯಿಂದ. ಹತ್ತಿರದ ನೆಂಟರ ಮದುವೆಯಾದ್ದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಳಿಗ್ಗೆ ಹೊರಡುವಾಗ ನಾನು ಕಾಫಿ ಮಾಡಿದರೆ ಬೇಡ ಎಂದರು. ಛತ್ರದಲ್ಲಿ ಯಾರೋ ಪಾನಕ ತಂದರು, ಸಕ್ಕರೆ ಕಾಯಿಲೆ ಎಂದರು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ. ಊಟದಲ್ಲಿ ಸಾರು, ಮಜ್ಜಿಗೆ ಎರಡನ್ನೂ ಮುಟ್ಟಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಆನಿಸಿದರು. ಎಂದೂ ಹಾಗೆ ಮಾಡಿದವರಲ್ಲ. ನಿದ್ದೆ ಎಂದುಕೊಂಡೆ. ಹಾಸನದಲ್ಲಿ ಇಳಿಯುವಾಗ ಕಣ್ಣು ಕತ್ತಲಿಟ್ಟು ಕಂಬಿ ಹಿಡಿದು ನಿಂತುಬಿಟ್ಟರು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ರಿಪ್ ಹಾಕಿದರು. ಇಡೀ ದಿನ ನೀರು ಕುಡಿದಿಲ್ಲ, ಅದಕ್ಕೇ ಉರಿಮೂತ್ರವೂ ಶುರುವಾಗಿದೆ ಎಂದು ಡಾಕ್ಟರಮ್ಮ ಹೇಳಿದರು.

ಮನೆಗೆ ಬರುವಾಗ ಆಟೋದಲ್ಲಿ ದೊಡ್ಡಮ್ಮ ಹೊರಗೆ ನೋಡುತ್ತಲೇ ಹೇಳಿದರು.

"ಛತ್ರದಲ್ಲಿ ಇರೋದೆಲ್ಲ ನೆಲದ ಮೇಲಿಂದು ಕಣವ್ವ. ಕೂತ್ರೆ ನಂಗೆ ಏಳಕ್ಕಾಗಲ್ಲ. ಅದುಕ್ಕೇ ನೀರು ಕುಡಿಯಕ್ ಹೋಗಲ್ಲ."

ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ.

ಆಮೇಲೆ ಒಂದೊಂದೇ ಅರ್ಥವಾಗುತ್ತ ಹೋಯಿತು. ಚನ್ನರಾಯಪಟ್ಟಣಕ್ಕೆ ಕರೆದಾಗಲೆಲ್ಲ ಬರುತ್ತಿದ್ದರು. ಅಪ್ಪನ ಆಪರೇಷನ್ ಆದಾಗ ಅಣ್ಣ ಅಲ್ಲಿ ಕಮೋಡ್ ಹಾಕಿಸಿದ್ದ. ಶಾಂತಿಗ್ರಾಮದ ನೆಂಟರ ಮನೆಗೆ ಹೋದರೆ ಗಂಟೆಯೊಳಗೆ ಹೊರಡುತ್ತಿದ್ದರು. ಅರಕಲಗೂಡಿನ ಗೃಹಪ್ರವೇಶಕ್ಕೆ ಮಂಡಿನೋವು ಎಂದು ಹೇಳಿ ಉಡುಗೊರೆಯನ್ನು ನನ್ನ ಕೈಲಿ ಕಳಿಸಿದ್ದರು. ಬೇರೆಯವರು ಜಿಲ್ಲೆಯನ್ನು ರಸ್ತೆ, ಊರು, ನೆಂಟಸ್ತನ ಹಿಡಿದು ಲೆಕ್ಕ ಹಾಕಿದರೆ, ದೊಡ್ಡಮ್ಮ ಹಾಕುತ್ತಿದ್ದ ಲೆಕ್ಕ ಒಂದೇ ವಿಷಯದ್ದು. ಅದರ ಪ್ರಕಾರ ಅವರಿಗೆ ಹೋಗಲು ಉಳಿದಿದ್ದ ಮನೆಗಳು ಬಹಳ ಕಡಿಮೆ. ಚಿಕ್ಕಮ್ಮನ ಮನೆ ಅದರಲ್ಲಿರಲಿಲ್ಲ. ಅಲ್ಲಿ ಕಕ್ಕಸು ಹಿತ್ತಲಿನಲ್ಲಿ, ಕೊಟ್ಟಿಗೆಯಿಂದಾಚೆ, ನೆಲಮಟ್ಟದ್ದು. ಕುಕ್ಕರುಗಾಲಲ್ಲಿ ಕೂರಬೇಕು, ತಾನಾಗಿ ಏಳಬೇಕು. ಹಿಡಿದುಕೊಳ್ಳಲು ಏನೂ ಇಲ್ಲ.

ಕಕ್ಕಸಿನ ಮೇಲೆ ಇಡುವ ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ, ಮಡಿಸಬಹುದು, ತರೋಣ ಎಂದು ಹೇಳಿ ನೋಡಿದೆ.

"ಅದುನ್ನ ಕಂಕಳಲ್ಲಿ ಇರುಕ್ಕೊಂಡು ಬಸ್ ಹತ್ಲಾ?" ಎಂದರು. "ಇಳಿದ ತಕ್ಷಣ ಅವಳ ಸೊಸೆ ಕೇಳ್ತಾಳೆ, ಏನು ದೊಡ್ಡತ್ತೆ ತಂದಿರೋದು ಅಂತ. ಸಿಂಹಾಸನ ಅನ್ಲಾ?"

ಚಿಕ್ಕಮ್ಮನಿಗೆ ವಿಷಯ ಹೇಳಿದರೆ ಅವರೇ ಏನಾದರೂ ಮಾಡಿಸಿಯಾರು ಎಂದೆ. ಸ್ಪೀಕರಿನಲ್ಲಿ ಹೇಳುವ ಮಾತಲ್ಲ ಅದು ಎಂದು ದೊಡ್ಡಮ್ಮ ಒಳಗೆ ಹೋದರು. ಮಾರನೇ ದಿನ ಕಾಫಿ ಕುಡಿಯುವಾಗ, ನಾನು ಕೇಳದೆ, ಹೇಳಿದರು: ಅವಳ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕು. ಹೋಗಿ ಮುಖ ತೋರಿಸಿ ಬರುವುದಲ್ಲ, ಉಳಿಯಬೇಕು. ಇಬ್ಬರೇ ಇದ್ದೇವೆ.

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಹೆಂಗಸಿದ್ದರು. ಅವರು ದೊಡ್ಡಮ್ಮನ ಮಂಡಿ ಒತ್ತಿ, ಬಗ್ಗಿಸಿ ನೋಡಿದರು. ಮಂಡಿ ಅಷ್ಟೇನೂ ಹಾಳಾಗಿಲ್ಲ, ತೊಡೆಯಲ್ಲಿ ಶಕ್ತಿಯಿಲ್ಲ ಎಂದರು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಒರಗಿ ಅರ್ಧ ಕೂರುವುದು, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು. ನೋವು ಹೆಚ್ಚಾದರೆ ನಿಲ್ಲಿಸಬೇಕು. ಆಮೇಲೆ ನನ್ನ ಕಡೆ ತಿರುಗಿ, ಇವರ ಕೈಗೆ ಏನನ್ನೂ ತಂದುಕೊಡಬೇಡಿ ಎಂದರು. ಕಷ್ಟವಾದ ಪಾಠ ಅದು.

ಕುರ್ಚಿಯಿಂದ ಏಳುವುದು ಸಲೀಸಾದ ಮೇಲೆ ಸ್ಟೂಲು. ಸ್ಟೂಲಿಗಿಂತ ತಗ್ಗಿನಲ್ಲಿ ಕೂರಲು ದೊಡ್ಡಮ್ಮ ಒಂದು ಉಪಾಯ ಮಾಡಿದರು. ಅಟ್ಟದ ಮೇಲೆ ಹಳೆಯ ಊಟದ ಮಣೆಗಳಿದ್ದವು. ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣುತ್ತಿದ್ದ ಕಾಲದವು. ಅವನ್ನೆಲ್ಲ ಇಳಿಸಿ, ಒರೆಸಿ, ಒಂದರ ಮೇಲೊಂದು ಪೇರಿಸಿ, ಅಲುಗಾಡದಂತೆ ಗೋಡೆಯ ಮೂಲೆಗೆ ಒತ್ತಿ ಇಟ್ಟೆವು. ಅದರ ಮೇಲೆ ಕೂತು ಏಳುವುದು. ಕೆಲವು ವಾರ ಕಳೆದು, ಸುಲಭವಾಯಿತು ಎನಿಸಿದಾಗ ಒಂದು ಮಣೆ ತೆಗೆಯುವುದು. ತೆಗೆದ ಮಾರನೇ ದಿನ ಅವರ ಮುಖ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಆಗುತ್ತಿತ್ತು. ನಾನು ಒಳಗೆ ಓದುತ್ತ ಕೂತಿದ್ದರೂ ಅವರ ಉಸಿರು ಕೇಳುತ್ತಿತ್ತು. ಒಂದು ದೊಡ್ಡ ಉಸಿರು, ಆಮೇಲೆ ಮರ ಕಿರುಗುಟ್ಟುವುದು, ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಆ ಹೊತ್ತು ಉದ್ದವಾದರೆ ನಾನು ಪುಟ ತಿರುಗಿಸದೆ ಕಾಯುತ್ತಿದ್ದೆ.

ಒಂದು ಸಂಜೆ ಪಕ್ಕದ ಮನೆಯವರು ಬಂದಿದ್ದರು. ದೊಡ್ಡಮ್ಮ ಎದ್ದು ಅವರಿಗೆ ನೀರು ತಂದರು, ಮತ್ತೆ ಎದ್ದು ಬಾಳೆಹಣ್ಣು ತಂದರು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ನನ್ನ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈಗಿನ್ ಕಾಲ್ದಲ್ಲಿ ಓದ್ದವರಿಗೆ ಮನೇಲಿ ಸೇವೆ ಮಾಡಿಸ್ಕಳಾದೂ ಕಲಿಸ್ತಾರೇನೋ," ಎಂದರು.

ದೊಡ್ಡಮ್ಮ ನಿಜ ಹೇಳಬಹುದಿತ್ತು. ಹೇಳಿದರೆ ಯಾಕೆ, ಏನು ಎಂಬ ಪ್ರಶ್ನೆ ಬರುತ್ತಿತ್ತು. "ಅವಳಿಗೆ ಕಾಲೇಜಲ್ಲಿ ನಿಂತು ನಿಂತು ಸಾಕಾಗಿರ್ತದೆ ಕಣ್ರಿ," ಎಂದು ಬಾಳೆಹಣ್ಣಿನ ಸಿಪ್ಪೆ ಇಸಿದುಕೊಂಡರು. ಬೀದಿಯಲ್ಲಿ ನನ್ನ ಹೆಸರು ಅಂದಿನಿಂದ ಸ್ವಲ್ಪ ಕೆಟ್ಟಿತು. ಮಾತನಾಡಿಸುತ್ತಿದ್ದ ಒಂದಿಬ್ಬರೂ ತಲೆಯಾಡಿಸಿ ಮುಂದೆ ಹೋಗತೊಡಗಿದರು. ನಾನು ಅದನ್ನೂ ಹೇಳಲಿಲ್ಲ.

ಅವರೆಕಾಯಿಯ ಕಾಲ ಬಂತು. ಒಂದು ಮಧ್ಯಾಹ್ನ ದೊಡ್ಡಮ್ಮ, ನಾನಿಲ್ಲದಾಗ, ಮಣೆಗಳನ್ನು ಬಿಟ್ಟು ನೇರ ನೆಲಕ್ಕೇ ಕೂತು ನೋಡಿದ್ದಾರೆ. ಸಂಜೆ ನಾನು ಬಾಗಿಲು ತೆಗೆದಾಗ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಮುಂದೆ ಮೊರದ ತುಂಬ ಸುಲಿದ ಕಾಳು.

"ಅವರೆಕಾಯಿ ಸುಲೀತಿದ್ದೆ," ಎಂದರು.

ಸುಲಿಯಲು ಒಂದೂ ಉಳಿದಿರಲಿಲ್ಲ. ಸಿಪ್ಪೆಗಳನ್ನೆಲ್ಲ ಉಗುರಿನಿಂದ ಸಣ್ಣಸಣ್ಣ ಚೂರು ಮಾಡಿ ಗುಡ್ಡೆ ಹಾಕಿದ್ದರು. ಬಿಸಿಲು ಅವರ ಮೇಲೆ ಹಾದು ಗೋಡೆ ಹತ್ತಿ ಆಗಲೇ ಹೋಗಿತ್ತು. ಫೋನು ಮೇಜಿನ ಮೇಲೆ, ಕೈಗೆ ಎಟುಕದ ಹಾಗಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದೀರಿ ಎಂದು ಕೇಳಿದರೆ ಅವರಿಗೆ ಉತ್ತರ ಹೇಳಬೇಕಾಗುತ್ತದೆ. ನಾನು ಚೀಲ ಇಟ್ಟು, ಅವರ ಎದುರು ನೆಲಕ್ಕೆ ಕೂತೆ. ಫಿಸಿಯೋಥೆರಪಿಯವರು ಮೊದಲ ವಾರವೇ ತೋರಿಸಿದ್ದರು: ಒಂದು ಮಗ್ಗುಲಿಗೆ ಹೊರಳಬೇಕು, ಅಂಗೈ ಮತ್ತು ಮಂಡಿ ಊರಬೇಕು, ಮಂಚದವರೆಗೆ ಅಂಬೆಗಾಲಿಟ್ಟು ಹೋಗಬೇಕು, ಒಂದು ಪಾದ ಮುಂದಿಟ್ಟು ಮಂಚ ಹಿಡಿದು ಏಳಬೇಕು. ದೊಡ್ಡಮ್ಮ ಅದನ್ನು ಕಲಿಯಲು ಒಪ್ಪಿರಲಿಲ್ಲ. ಅಂಬೆಗಾಲಿಡುವ ವಯಸ್ಸೇ ಎಂದಿದ್ದರು.

ನಾನು ಮಗ್ಗುಲಿಗೆ ಹೊರಳಿದೆ. ಕಾಲೇಜಿನ ಸೀರೆಯಲ್ಲೇ ಅಂಬೆಗಾಲಿಟ್ಟು ಮಂಚದ ತನಕ ಹೋದೆ. ತಿರುಗಿ ನೋಡಲಿಲ್ಲ. ಆಮೇಲೆ ಬಳೆ ಇಲ್ಲದ ಕೈ ನೆಲಕ್ಕೆ ತಟ್ಟಿದ ಸದ್ದು. ಅವರು ಮಂಚ ಹಿಡಿದು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಸಾರಿಗೆ ಒಗ್ಗರಣೆ ಹಾಕಲು ಹೋದರು. ಒಂದೇ ಮನೆಯಲ್ಲಿ ನಾವು ಅಷ್ಟು ಹತ್ತಿರ ಇದ್ದದ್ದು ಅದೊಂದು ದಿನ. ಅವತ್ತು ಮಾತು ಬೆಳೆಯಬಹುದಿತ್ತು. ಊಟ ಮಾಡುವಾಗ ಇಬ್ಬರೂ ಉಪ್ಪು ಸರಿಯಿದೆ ಎಂದೆವು, ಅಷ್ಟೇ.

ಅಂದಿನಿಂದ ಅವರು ಆತುರ ಮಾಡಲಿಲ್ಲ. ಬೇಸಿಗೆಯ ಹೊತ್ತಿಗೆ ಎರಡು ಮಣೆ ಉಳಿದವು, ಮಳೆ ಶುರುವಾದಾಗ ಒಂದು. ಲಿಂಗಪೂಜೆಗೆ ಕುರ್ಚಿ ಬಿಟ್ಟು ನೆಲದ ಮೇಲಿನ ಮಣೆಗೆ ಬಂದರು. ಗೌರಿಹಬ್ಬ ಕಳೆದ ಮೇಲೆ ಬಚ್ಚಲಿನಲ್ಲಿ, ಗೋಡೆಗೆ ಬೆರಳ ತುದಿ ತಾಗಿಸಿ, ಕುಕ್ಕರುಗಾಲಲ್ಲಿ ಕೂತು ಎದ್ದರಂತೆ. ನನಗೆ ಹೇಳಿದ್ದು ಹೀಗೆ: ದಸರಾ ರಜ ಯಾವಾಗ ಶುರು ನಿಂಗೆ?

ಹಾಸನದಿಂದ ಅರಕಲಗೂಡಿನ ಬಸ್ಸಿನಲ್ಲಿ ಹೆಂಗಸರೇ ತುಂಬಿದ್ದರು. ದೊಡ್ಡಮ್ಮ ಕಂಬಿ ಹಿಡಿದು, ಹಿಂದೆ ನಿಂತ ನನ್ನ ಕೈಯನ್ನು ಮೊಣಕೈಯಿಂದ ಸರಿಸಿ, ತಾವೇ ಹತ್ತಿದರು. ಅರಕಲಗೂಡಿನಲ್ಲಿ ರಾಮನಾಥಪುರದ ಬಸ್ಸಿಗೆ ಕಾಯುತ್ತಿದ್ದೆವು. ಸೆಕೆ ಇತ್ತು. ದೊಡ್ಡಮ್ಮ ನನ್ನ ಕಡೆ ಕೈ ಚಾಚಿದರು. ಏನು ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ನೀರಿನ ಬಾಟಲಿ. ಮುಚ್ಚಳ ತೆಗೆದು, ತಲೆಯೆತ್ತಿ, ನಿಧಾನವಾಗಿ ಅರ್ಧಕ್ಕಿಂತ ಹೆಚ್ಚು ಕುಡಿದರು. ನನಗೆ ಭಯವಾಯಿತು. ಇನ್ನು ವಾಪಸು ಹೋಗುವಂತಿಲ್ಲ, ಆ ಹಿತ್ತಲಿಗೆ ಹೋಗಲೇಬೇಕು ಎನಿಸಿತು.

ಚಿಕ್ಕಮ್ಮ ಜಗಲಿಯ ಮೇಲೆ ಮಂಚ ಹಾಕಿಕೊಂಡು ಕೂತಿದ್ದರು. ಮೂರು ವರ್ಷದಲ್ಲಿ ದಪ್ಪಗಾಗಿದ್ದರು, ಕಾಲಿನ ಬಾವು ದೂರದಿಂದಲೇ ಕಾಣುತ್ತಿತ್ತು. ಅವರು ಏಳಲಿಲ್ಲ.

"ದಾರಿ ಗೊತ್ತಾಯ್ತಾ ನಿಂಗೆ?" ಎಂದರು. "ಪ್ಯಾಟೆ ಸೇರ್ಕಂಡ ಮ್ಯಾಕೆ ಮರ್ತೋಗಿರ್ತದೆ ಅಂದ್ಕಂಡಿದ್ದೆ."

"ನೀನಾದ್ರೂ ಬರ್ಬೋದಿತ್ತಲ್ಲ."

"ಒಗೆಸೊಪ್ಪು ಬುಟ್ಟು ಎಲ್ಲಿಗ್ ಬರ್ಲಿ?"

ನೀರು ತಂದ ಸೊಸೆ ನಕ್ಕಳು. ಅತ್ತೆ ಸೊಪ್ಪು ಒಣಗಿಸುವ ಬ್ಯಾರನ್ ಕಡೆ ಹೋಗಿ ವರ್ಷದ ಮೇಲಾಯಿತು, ಒಂದು ಕಡ್ಡಿ ಎತ್ತಿಡಲು ನಾವು ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಚಿಕ್ಕಮ್ಮ ಬೇರೆ ಕಡೆ ನೋಡಿದರು. ದೊಡ್ಡಮ್ಮ, ಸೊಸೆ ತಂದಿಟ್ಟ ನೀರನ್ನೂ ಕುಡಿದು, ಹಿತ್ತಲಿಗೆ ಹೋಗಿ ಬರುತ್ತೇನೆ ಎಂದು ಎದ್ದರು.

ನಾನು ಕೊಟ್ಟಿಗೆಯ ಹತ್ತಿರ ನಿಂತೆ. ಆಚೆ ಬ್ಯಾರನ್ನಿನಿಂದ ಸೊಪ್ಪು ಹದವಾಗುವ ಗಾಟು ಬರುತ್ತಿತ್ತು. ತಗಡಿನ ಬಾಗಿಲು ಹಾಕಿಕೊಂಡಿತು. ಒಳಗಿಂದ ಏನೂ ಕೇಳಲಿಲ್ಲ. ಕೂಗೋಣವೆಂದರೆ ಜಗಲಿಯವರಿಗೆ ಕೇಳುತ್ತದೆ. ಕೂಗದಿದ್ದರೆ ಅವರು ಅವರೆಕಾಯಿಯ ದಿನದ ಹಾಗೆ ಸುಮ್ಮನೆ ಕೂತಿರಬಹುದು. ಎಮ್ಮೆ ಒಂದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಕೊನೆಗೆ ಚೊಂಬು ಬಕೆಟ್ಟಿಗೆ ತಾಗಿದ ಸದ್ದು, ನೀರು ಹೊಯ್ದ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಅಗುಳಿ. ದೊಡ್ಡಮ್ಮ ಹೊರಗೆ ಬಂದರು. ಮೇಲ್ದುಟಿಯ ಮೇಲೆ ಬೆವರಿತ್ತು, ಅಂಗೈಗೆ ಗೋಡೆಯ ಸುಣ್ಣ ಹತ್ತಿತ್ತು.

"ಕಾಫಿಗಿಟ್ಟವ್ರಾ ಕೇಳು," ಎಂದರು.

ಸಂಜೆ ಸೊಸೆ ಹಾಲು ಹಾಕಲು ಡೇರಿಗೆ ಹೋದಾಗ ದೊಡ್ಡಮ್ಮ ಎಲ್ಲವನ್ನೂ ತಂಗಿಗೆ ಹೇಳಿಬಿಟ್ಟರು. ಮದುವೆ, ಡ್ರಿಪ್ಪು, ಮಣೆ, ಅಂಬೆಗಾಲು ಸಹ. ನನ್ನ ಮುಂದೆ ಅವರು ಒಟ್ಟಿಗೆ ಅಷ್ಟು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕಮ್ಮ ಬಾವು ಬಂದ ಕಾಲನ್ನು ಸವರಿಕೊಂಡರು.

"ನಂಗೆ ಬಸ್ ಅತ್ತಕ್ಕಾಗಲ್ಲ ಕಣಕ್ಕ," ಎಂದರು. "ಒಂದಿನ ನಿಮ್ಮೂರಿಗೇ ಅಂತ ಒಂಟಿದ್ದೆ. ಒಂದ್ ಕಾಲು ಮೆಟ್ಲ ಮ್ಯಾಲಿಟ್ಟೆ, ಇನ್ನೊಂದು ನೆಲ ಬುಟ್ಟು ಬರ್ಲೇ ಇಲ್ಲ. ಕಂಡಕ್ಟ್ರು ಬ್ಯಾಗ ಅತ್ತಮ್ಮ ಅಂತವ್ನೆ, ಇಂದ್ಗಡೆ ಹೆಣ್ಮಕ್ಳು ತಳ್ತಾವ್ರೆ. ಇಳ್ದ್ಬುಟ್ಟೆ. ಮನೇಗ್ ಬಂದು ಬಸ್ ತಪ್ಪೋಯ್ತು ಅಂದೆ."

"ಫೋನಲ್ಲಿ ಒಂದ್ ಮಾತು ಹೇಳ್ಬಾರ್ದಿತ್ತಾ?"

"ನೀನ್ ಯೋಳ್ದಾ?"

ಇಬ್ಬರೂ ನಕ್ಕರು. ಚಿಕ್ಕಮ್ಮ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, ಅಕ್ಕ, ನೀನು ಬರಲಿಲ್ಲ ಅಂತ ನಿನ್ನನ್ನು ಎಷ್ಟು ಬೈದುಕೊಂಡಿದ್ದೀನಿ ಗೊತ್ತಾ ಎಂದರು. ದೊಡ್ಡಮ್ಮ, ನಾನೂ ಎಂದರು. ನಗು ಮತ್ತೆ ಶುರುವಾಯಿತು. ಅದರಲ್ಲಿ ನನಗೆ ಜಾಗವಿರಲಿಲ್ಲ. ನಾನು ಕಾಫಿ ಲೋಟ ತೊಳೆಯಲು ಎದ್ದೆ.

ದೊಡ್ಡಮ್ಮ ಆ ರಾತ್ರಿ ಉಳಿದರು, ಮಾರನೇ ರಾತ್ರಿಯೂ. ರಜ ಮುಗಿದು ನಾನು ಹೊರಡುವ ದಿನ ನೋಡಿದರೆ, ಅವರ ಚೀಲ ಕಟ್ಟಿರಲಿಲ್ಲ. ಜಗಲಿಯ ಅಂಚಿನಲ್ಲಿ ನಿಂತು ತಂಗಿಗೆ ಕಾಲು ಎತ್ತಿ ಇಳಿಸಲು ಹೇಳಿಕೊಡುತ್ತಿದ್ದರು. ಚಿಕ್ಕಮ್ಮ ಕಂಬ ತಬ್ಬಿಕೊಂಡು, ನೀನು ಮೇಷ್ಟ್ರ ಹೆಂಡ್ತಿ ಅಂತ ಈಗ ಗೊತ್ತಾಗ್ತೈತೆ ಎಂದು ಬೈಯುತ್ತ ಒಂದೊಂದೇ ಮೆಟ್ಟಿಲು ಮಾಡುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತು, ಅತ್ತೆಯನ್ನು ಹೀಗೆ ದಣಿಸುವುದು ಸರಿಯೇ ಎಂಬಂತೆ ನನ್ನನ್ನು ನೋಡಿದಳು.

ಬಸ್ಸಿನ ತನಕ ದೊಡ್ಡಮ್ಮ ಬಂದರು. ಯಾರ ಕೈಯನ್ನೂ ಹಿಡಿಯದೆ, ನನಗಿಂತ ಒಂದು ಹೆಜ್ಜೆ ಮುಂದೆ.

"ಇವಳನ್ನ ಬಸ್ ಹತ್ತೋ ಹಂಗೆ ಮಾಡಿ, ಕರ್ಕೊಂಡೇ ಬತ್ತೀನಿ," ಎಂದರು. "ನಿಂಗೆ ಒಬ್ಳಿಗೇ ಕಷ್ಟ ಏನಿಲ್ಲ ಅಲ್ವಾ?"

ಇಲ್ಲ ಎಂದೆ. ಇನ್ನೇನು ಹೇಳಲು ಸಾಧ್ಯವಿತ್ತು? ಒಂದು ರಾತ್ರಿ ಉಳಿಯಲೆಂದು ಇಷ್ಟೆಲ್ಲ ಮಾಡಿದವರು. ಬಸ್ಸು ಹೊರಟಾಗ ಹಿಂದಿನ ಕಿಟಕಿಯಿಂದ ನೋಡಿದೆ. ಆಗಲೇ ತಿರುಗಿ ಮನೆ ಕಡೆ ನಡೆಯುತ್ತಿದ್ದರು, ಸಾಕಷ್ಟು ಬಿರುಸಾಗಿ.

ಈಗ ಭಾನುವಾರದ ಫೋನ್ ಅಲ್ಲಿಂದ ನನಗೆ ಬರುತ್ತದೆ. ಸ್ಪೀಕರ್ ಹಾಕಿರುತ್ತಾರೆ. ಚಿಕ್ಕಮ್ಮ ಜಗಲಿ ಇಳಿದು ಹತ್ತುತ್ತಾರೆ, ಆದರೆ ಬಸ್ಸಿನ ಮೆಟ್ಟಿಲು ಇನ್ನೂ ಎತ್ತರ. ದೀಪಾವಳಿ ಕಳೆಯಲಿ ಎಂದಿದ್ದರು. ದೀಪಾವಳಿ ಕಳೆಯಿತು, ಈಗ ಸೊಪ್ಪು ಮಾರಿ ಮುಗಿಯಲಿ ಎನ್ನುತ್ತಾರೆ. ಊಟ ಆಯ್ತಾ ಎಂದು ಕೇಳುತ್ತಾರೆ, ಆಯಿತು ಎನ್ನುತ್ತೇನೆ. ಹಿಂದೆ ಯಾರೋ ನಗುವುದು ಕೇಳುತ್ತಿರುತ್ತದೆ.

ಮನೆ ಚೊಕ್ಕಟವಾಗಿದೆ. ಅಡುಗೆಮನೆಯಲ್ಲಿ ನಿಂತೇ ತಿಂದು ಮುಗಿಸುತ್ತೇನೆ, ಕೂತು ಉಣ್ಣಲು ಕಾರಣ ಬೇಕಲ್ಲ. ಟಿ.ವಿ. ಹಾಕಿ ನೋಡಿದೆ, ಜೋರಾಗಿಯೇ. ಅದು ಹಿಡಿಸಲಿಲ್ಲ.

ಕಳೆದ ವಾರ ಫೋನ್ ಬರಲಿಲ್ಲ. ಅಲ್ಲಿ ಕರೆಂಟಿರಲಿಲ್ಲವಂತೆ, ಆಮೇಲೆ ತಿಳಿಯಿತು. ಸೋಮವಾರ ಬೆಳಿಗ್ಗೆ ಮೊದಲ ತರಗತಿಗೆ ಹೋಗಿ, ಹಾಜರಿ ಕರೆಯಲು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಗಂಟಲಿನಿಂದ ಒಣಗಿದ ಎಲೆ ಹಿಸುಕಿದಂಥ ಸದ್ದು ಮಾತ್ರ ಬಂತು. ಆಗ ಎಣಿಸಿ ನೋಡಿದೆ: ಶನಿವಾರ ಸಂಜೆ ಹಾಲಿನಂಗಡಿಯಲ್ಲಿ ಅರ್ಧ ಲೀಟರ್ ಎಂದು ಹೇಳಿದ ಮೇಲೆ ನಾನು ಯಾರೊಂದಿಗೂ ಒಂದು ಮಾತನ್ನೂ ಆಡಿರಲಿಲ್ಲ. ಮುಂದಿನ ಸಾಲಿನ ಹುಡುಗಿಯರು ತಲೆಯೆತ್ತಿದರು. ಅವರಲ್ಲೊಬ್ಬಳು, ನೀರು ಬೇಕಾ ಮೇಡಂ ಎಂದು ತನ್ನ ಬಾಟಲಿ ತೆಗೆದುಕೊಂಡು ಎದ್ದಳು. ಕೂತ್ಕೊಳ್ಳಮ್ಮ ಎಂದು ಕೈಸನ್ನೆ ಮಾಡಿ, ಕೆಮ್ಮಿ, ಮೊದಲ ಹೆಸರಿನಿಂದ ಮತ್ತೆ ಶುರು ಮಾಡಿದೆ.